ಹದಿನೇಳನೆಯ ವಾಕ್ಯ

ಹೆಸರು ಲಿಖಿತ್, ಕೆಲಸ ಮೌಖಿಕ. ತುಮಕೂರಿನ ಅಂಕುರ ಕೇಂದ್ರದಲ್ಲಿ ಅವನ ಕೋಣೆಯ ಬಾಗಿಲಿಗೆ 'ಸಮ್ಮತಿ ವಾಚಕರು' ಎಂಬ ಫಲಕವಿತ್ತು. ಬಂದವರು ಅದನ್ನು ಒಮ್ಮೆ ಓದಿ, ಅರ್ಥವಾಗದೆ ಇನ್ನೊಮ್ಮೆ ಓದಿ, "ಫಾರಂ ಓದೋ ಅಣ್ಣ ಇವ್ರೇನಾ?" ಎಂದು ಒಳಗೆ ಇಣುಕುತ್ತಿದ್ದರು.

ಆ ಕೇಂದ್ರದಲ್ಲಿ ಭ್ರೂಣಗಳ ಜೀನ್ ತಿದ್ದುತ್ತಿದ್ದರು. ನಮ್ಮ ಒಂದೊಂದು ಜೀವಕೋಶದೊಳಗೂ ಮುನ್ನೂರು ಕೋಟಿ ಅಕ್ಷರಗಳ ಪುಸ್ತಕವೊಂದಿದೆ. ಅದರಲ್ಲಿ ತಪ್ಪಿ ಬಿದ್ದ ಒಂದೇ ಒಂದು ಅಕ್ಷರದಿಂದ ಮಗುವಿನ ರಕ್ತ ಕೆಡುತ್ತದೆ. ಆ ಅಕ್ಷರವನ್ನು ಹುಡುಕಲು ಇಪ್ಪತ್ತು ಅಕ್ಷರಗಳ ವಿಳಾಸ ಬರೆದು, ಕಣ್ಣಿಗೆ ಕಾಣದ ಒಂದು ಕತ್ತರಿಯ ಕೈಗೆ ಕೊಟ್ಟು ಕಳಿಸುತ್ತಾರೆ. ಕತ್ತರಿ ಓದಿಕೊಂಡು ಹೋಗಿ ಸರಿಯಾದ ಮನೆಯ ಬಾಗಿಲು ತಟ್ಟುತ್ತದೆ. ಆದರೆ ಮೂರನೇ ಮೇನ್ ನಾಲ್ಕನೇ ಕ್ರಾಸ್ ಅಂದರೆ ನಾಲ್ಕನೇ ಮೇನ್ ಮೂರನೇ ಕ್ರಾಸಿಗೆ ಹೋಗಿ ಬೆಲ್ ಒತ್ತುವವರು ಎಲ್ಲ ಊರಲ್ಲೂ ಇರುತ್ತಾರಲ್ಲ, ಮುನ್ನೂರು ಸಲಕ್ಕೊಮ್ಮೆ ಕತ್ತರಿಯೂ ಹಾಗೆ ಮಾಡುತ್ತಿತ್ತು. ಬರೀ ಬೆಲ್ ಒತ್ತಿದ್ದರೆ ಪರವಾಗಿರಲಿಲ್ಲ. ಅದು ಒಳಗೆ ಹೋಗಿ ಕತ್ತರಿಸಿಯೇ ಬರುತ್ತಿತ್ತು. ಕತ್ತರಿಸಿದ್ದು ಆ ಮಗುವಿಗೆ ಮಾತ್ರವಲ್ಲ, ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೋಗುತ್ತಿತ್ತು.

ಹಾಗಾಗಿಯೇ ತುಮಕೂರಿರಲಿ, ಟೋಕಿಯೋ ಇರಲಿ, ವಿಶ್ವ ವಂಶವಾಹಿ ಪರಿಷತ್ತಿನ ಅಪ್ಪಣೆಯಿಲ್ಲದೆ ಯಾರೂ ಒಂದಕ್ಷರ ಕದಲಿಸುವಂತಿರಲಿಲ್ಲ. ಪರಿಷತ್ತಿನ ಕಚೇರಿ ನೈರೋಬಿಯಲ್ಲಿ. ಹಿಂದಿನವರು 'ದೆಹಲಿ ಒಪ್ಪಬೇಕಲ್ಲ' ಅನ್ನುತ್ತಿದ್ದ ಧಾಟಿಯಲ್ಲಿ ಕೇಂದ್ರದವರು 'ನೈರೋಬಿ ಒಪ್ಪಬೇಕಲ್ಲ' ಅನ್ನುತ್ತಿದ್ದರು.

ತಿದ್ದುವುದು ಶುರುವಾದ ಹೊಸದರಲ್ಲಿ ಎಲ್ಲೆಲ್ಲೋ ಓದಲು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು, ಗೊತ್ತಿಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅನ್ಯಾಯ ಮಾಡಿದ್ದರು. ಆಮೇಲೆ ನೈರೋಬಿ ಒಂದು ನಿಯಮ ತಂದಿತು. ಸಮ್ಮತಿಪತ್ರದಲ್ಲಿ ಇಪ್ಪತ್ತೆರಡು ವಾಕ್ಯ. ವಾಚಕ ಒಂದೊಂದನ್ನೇ ತಾಯಿಯ ಮನೆಮಾತಿನಲ್ಲಿ ಓದಬೇಕು. ತಾಯಿ ಅದನ್ನು ತನ್ನ ಮಾತಿನಲ್ಲಿ, 'ನಾನು', 'ನನ್ನ ಮಗು' ಎಂದೇ ತಿರುಗಿ ಹೇಳಬೇಕು. ತಲೆಯಾಡಿಸಿದರೆ ನಡೆಯದು. ಆ ದನಿ ನೂರು ವರ್ಷ ನೈರೋಬಿಯಲ್ಲಿರುತ್ತದೆ. ಮುಂದೊಂದು ದಿನ ಮೊಮ್ಮಗಳೊಬ್ಬಳು ಬಂದು 'ನಮ್ಮಜ್ಜಿಗೆ ಇದೆಲ್ಲ ಗೊತ್ತಿತ್ತಾ?' ಎಂದು ಕೇಳಿದರೆ ಕೇಳಿಸಲು. ಒಳ್ಳೆಯ ನಿಯಮ. ಲಿಖಿತ್‌ನಿಗೂ ಹಾಗೆಯೇ ಅನ್ನಿಸಿತ್ತು.

ಅವನಿಗೆ ಆ ಕೆಲಸ ಸಿಕ್ಕಿದ್ದು ಅವನ ಗಂಟಲಿನಿಂದ. ಕಾಲೇಜಿನಲ್ಲಿ ಬಾಟನಿ ಮೇಷ್ಟರ ದನಿಯಲ್ಲಿ ಹಾಜರಿ ಕೂಗಿ, 'ಎಸ್ ಸಾರ್' 'ಪ್ರೆಸೆಂಟ್ ಸಾರ್'ಗಳನ್ನೂ ತಾನೇ ಹೇಳಿ, ಖಾಲಿ ಕ್ಲಾಸಿಗೆ ಅರವತ್ತು ಜನರ ಹಾಜರಿ ತುಂಬಿಸಿದ್ದ ಪ್ರತಿಭಾವಂತ ಅವನು. ಈಗ ಅದೇ ಗಂಟಲು ಶಿರಾದವರಿಗೆ ಶಿರಾದ ಕನ್ನಡದಲ್ಲೂ ಪಾವಗಡದವರಿಗೆ ತೆಲುಗು ಬೆರೆತ ಕನ್ನಡದಲ್ಲೂ ಕುಣಿಗಲಿನವರಿಗೆ ಅವರ ರಾಗದಲ್ಲೂ ಫಾರಂ ಓದುತ್ತಿತ್ತು. ಹೆದರಿ ಬಂದವರು ಐದು ನಿಮಿಷಕ್ಕೆ "ನಮ್ ಕಡೆಯೋರಾ ಅಣ್ಣ ನೀವು?" ಎಂದು ಸಡಿಲವಾಗುತ್ತಿದ್ದರು.

ತೊಂದರೆ ಇದ್ದದ್ದು ಹದಿನೇಳನೆಯ ವಾಕ್ಯದಲ್ಲಿ. 'ಈ ತಿದ್ದುಪಡಿಯಿಂದ ನನ್ನ ಮಗು ಕುರುಡಾಗಬಹುದು, ಕಿವುಡಾಗಬಹುದು, ಸಾಯಲೂಬಹುದು. ನನ್ನ ಮೊಮ್ಮಕ್ಕಳಿಗೂ ಹೀಗಾಗಬಹುದು. ಇದು ನನಗೆ ಗೊತ್ತು.'

ಲಿಖಿತ್ ಅದನ್ನು ಓದಿ ಮುಗಿಸುವ ಮೊದಲೇ ಎದುರಿಗೆ ಕೂತವಳು ಕಿವಿ ಮುಚ್ಚಿಕೊಂಡು "ಬಿಡ್ತು ಅನ್ನಣ್ಣ ಮೊದ್ಲು" ಅನ್ನುತ್ತಿದ್ದಳು. ಇವನು "ಬಿಡ್ತು" ಅನ್ನುತ್ತಿದ್ದ. ಕೆಟ್ಟ ಮಾತು ಕಳಚಿ ಬೀಳುತ್ತಿತ್ತು. ಅಲ್ಲಿಗೆ ಓದುವವನ ಪಾಡು ಮುಗಿಯಿತು. ಹೇಳಬೇಕಾದವಳ ಪಾಡು? ಮಗುವಿಗಾಗಿ ಹಂಬಲಿಸಿ ಬಂದವಳು, ಇನ್ನೂ ಹೊಟ್ಟೆ ಸೇರದ ಮಗುವಿಗೆ ತನ್ನ ಬಾಯಿಂದಲೇ ಆ ಮಾತು ಅನ್ನುವುದುಂಟೇ? ಮೊದಲ ಆರು ತಿಂಗಳಲ್ಲಿ ಎಂಟು ದಂಪತಿಗಳು ಆ ಒಂದು ವಾಕ್ಯದ ಹೊಸಿಲು ದಾಟಲಾರದೆ ಬಸ್ಸು ಹತ್ತಿ ವಾಪಸು ಹೋದರು.

ಲಿಖಿತ್ ನೈರೋಬಿಗೆ ಒಂದು ಪತ್ರ ಬರೆದ. ನಮ್ಮ ಕಡೆ ತಾಯಂದಿರು ಇದನ್ನು ಬಾಯಿಬಿಟ್ಟು ಅನ್ನುವುದಿಲ್ಲ, ಅವರಿಗೆ ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಬೇರೆ ದಾರಿ ಹುಡುಕೋಣ ಎಂದು. ಪತ್ರ ಚೆನ್ನಾಗಿ ಬಂದಿತ್ತು. ಇನ್ನೊಮ್ಮೆ ತಿದ್ದಿ ಕಳಿಸೋಣವೆಂದು ಕರಡಿನ ಕಡತದಲ್ಲಿ ಇಟ್ಟ. ಇಟ್ಟಿದ್ದು ಇಟ್ಟ ಹಾಗೇ ಇತ್ತು.

ಆಗ ಬಂದವಳು ಧನ್ವಿತಾ.

ಗುಬ್ಬಿಯವಳು. ಊರಿಗೆ ತಕ್ಕ ದನಿ, ಸಣ್ಣದು, ಸೂರಿನಡಿ ಕೂತು ಕೂಗಿದಂಥದ್ದು. ಮಾತು ಶುರು ಮಾಡುವ ಮೊದಲು ಮೂಗು ಒಮ್ಮೆ ಸೊರ್ ಅನ್ನಿಸುವಳು, ವಾಕ್ಯದ ಕೊನೆಯನ್ನು ಸ್ವಲ್ಪ ಮೇಲಕ್ಕೆತ್ತಿ ಬಿಡುವಳು. ಅವಳ ಮೊದಲ ಮಗ ತನುವಿಗೆ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸುತ್ತ ಆರು ವರ್ಷ ಉಳಿಸಿಕೊಂಡಿದ್ದಳು. ಏಳನೆಯದಕ್ಕೆ ಆಗಲಿಲ್ಲ.

ಹದಿನಾರು ವಾಕ್ಯ ಅವಳು ಪಾಠ ಒಪ್ಪಿಸಿದಂತೆ ಹೇಳಿದಳು.

"ಇದೊಂದ್ ಹೇಳ್ಬಿಡಮ್ಮ," ಅಂದ ಲಿಖಿತ್. "ನಿಂದೇ ಮಾತಲ್ಲಿ ಹೇಳು, ಸಾಕು."

"ಅದೊಂದ್ ಬಿಟ್ಟು ಉಳಿದಿದ್ದೆಲ್ಲ ಹೇಳ್ತೀನಣ್ಣ."

"ಅವ್ರಿಗೆ ಮುಖ್ಯವಾಗಿ ಬೇಕಾಗಿರೋದು ಅದೇ."

"ನಂಗೆ ಗೊತ್ತು. ನೀವು ಓದಿದ್ದು ಕೇಳಿಸ್ಕೊಂಡೆ, ಅರ್ಥಾನೂ ಆಯ್ತು. ಎಲ್ಲಾದುಕ್ಕೂ ತಯಾರಾಗೇ ಬಂದಿರೋದು. ಆದ್ರೆ ಹೆತ್ತೋಳ ಬಾಯಲ್ಲಿ ಆ ಮಾತು ಬರ್ಬಾರ್ದು. ನೀವು ಬಿಡ್ತು ಅನ್ನಿ."

"ಬಿಡ್ತು."

ಅವಳು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಬಾಗಿಲಲ್ಲಿ ಡಾಕ್ಟರ್ ವಿನುತಾ ಕಾಣಿಸಿಕೊಂಡರು. ಕೇಂದ್ರದ ಮುಖ್ಯಸ್ಥೆ, ಅರವತ್ತರ ಹತ್ತಿರದ ವಯಸ್ಸು, ಯಾವಾಗಲೂ ಅರ್ಧ ಕುಡಿದ ಟೀ ಲೋಟ ಎಲ್ಲೋ ಮರೆತು ಬಂದವರ ಮುಖ.

"ಏನಾಯ್ತು ಲಿಖಿತ್? ಬೆಳಿಗ್ಗೆ ಅಂಡಕ್ಕೆ ಬೀಜ ಸೇರಿಸಿ ಆಗಿದೆ. ನಾಲ್ಕು ಗಂಟೆ ಒಳಗೆ ಕತ್ತರಿ ಬಿಡಬೇಕು. ಆಮೇಲೆ ಬಿಟ್ಟರೂ ಪ್ರಯೋಜನ ಇಲ್ಲ."

"ಹದಿನೇಳರಲ್ಲಿ ನಿಂತಿದಾರೆ ಮೇಡಂ."

ವಿನುತಾ ಬೆಂಚಿನ ಕಡೆ ನೋಡಿದರು. "ಅವಳ ಮೊದಲನೇದು ನನ್ನ ಕೈಯಲ್ಲೇ ಹೋಗಿದ್ದಪ್ಪ," ಅಂದರು. "ಏನಾದ್ರೂ ಮಾಡು." ಹೀಗಂದು ಅವರು ಏನು ಮಾಡುತ್ತೀ ಎಂದು ಕೇಳದೆ ಹೋದರು. ಕೇಳದಿರುವುದೂ ಒಂದು ಕೆಲಸವೇ, ಅದನ್ನು ಅವರು ಅಚ್ಚುಕಟ್ಟಾಗಿ ಮಾಡಿದರು.

ಮೇಜಿನ ಮೇಲೆ ನೈರೋಬಿಯ ಪೆಟ್ಟಿಗೆ ಕೂತಿತ್ತು. ಎಲ್ಲರೂ ಅದನ್ನು ಕಿವಿ ಅನ್ನುತ್ತಿದ್ದರು. ಮಾತಾಡಿದ್ದು ತಾಯಿಯೇ ಹೌದೋ ಎಂದು ದನಿಯಿಂದ ಗುರುತಿಸುವುದು ಅದರ ಕೆಲಸ. ಯಂತ್ರಗಳು ಹುಟ್ಟಿಸಿದ ನಕಲಿ ದನಿಯನ್ನು ಅದು ಕ್ಷಣದಲ್ಲಿ ಹಿಡಿಯುತ್ತಿತ್ತು. ಉಸಿರು, ಜೊಲ್ಲು, ಎದೆಬಡಿತ ಎಲ್ಲ ಇರುವ ಜೀವಂತ ಗಂಟಲೇ ಆಗಬೇಕು. ಜೀವಂತ ಗಂಟಲೊಂದು ಮೋಸ ಮಾಡೀತೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಾಗಿ ಹೆದರಿದ ದನಿ, ಅತ್ತ ದನಿ, ನೆಗಡಿಯ ದನಿ ಎಂದು ಸಾಕಷ್ಟು ರಿಯಾಯಿತಿ ಬೇರೆ ಕೊಟ್ಟಿದ್ದರು. ವಾಚಕನ ಮಾತು ದಾಖಲೆಯಲ್ಲವಾದ್ದರಿಂದ ಲಿಖಿತ್‌ನ ಸ್ವಂತ ದನಿಯನ್ನು ಅದಕ್ಕೆ ಪರಿಚಯಿಸಿರಲೇ ಇಲ್ಲ.

ಲಿಖಿತ್ ಬಾಗಿಲು ಹಾಕಿದ. ಮೂಗು ಒಮ್ಮೆ ಸೊರ್ ಅನ್ನಿಸಿದ.

"ನನ್ ಮಗು ಕುರುಡಾಗ್ಬೋದು, ಕಿವುಡಾಗ್ಬೋದು, ಸತ್ತೋಗ್ಲೂಬೋದು. ನನ್ ಮೊಮ್ಮಕ್ಳಿಗೂ ಹಂಗಾಗ್ಬೋದು. ನಂಗೊತ್ತು." ಕೊನೆಯನ್ನು ಸ್ವಲ್ಪ ಮೇಲಕ್ಕೆತ್ತಿ ಬಿಟ್ಟ.

ಬ್ಯಾಂಕಿನ ಫೋನಿನಲ್ಲಿ ಬರುವಂಥ ಸಮಾಧಾನದ ದನಿಯಲ್ಲಿ ಕಿವಿ ಹೇಳಿತು: "ಧನ್ವಿತಾ. ಹೋಲಿಕೆ ತೊಂಬತ್ತೊಂದು. ಸ್ವೀಕರಿಸಲಾಗಿದೆ."

ಆಗ ಅವನಿಗೆ ತಪ್ಪು ಮಾಡಿದೆ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ, ಕಾಲೇಜು ವಾರ್ಷಿಕೋತ್ಸವದ ವೇದಿಕೆಯಿಂದ ಇಳಿದಾಗಿನ ಹಾಗೆ ಅನ್ನಿಸಿತು. ಚಪ್ಪಾಳೆ ಒಂದೇ ಕಮ್ಮಿ.

ಉಳಿದ ಐದು ವಾಕ್ಯಕ್ಕೆ ಅವಳನ್ನು ಒಳಗೆ ಕರೆದ. "ಅದ್ ಹೇಳ್ದಿದ್ರೂ ನಡೀತದಾ ಅಣ್ಣ?" ಎಂದು ಕೇಳಿದಳು. "ನಾನು ನೋಡ್ಕೊಂಡೆ ಬಿಡಮ್ಮ," ಅಂದ. ಅವಳು ಎದ್ದು ನಿಂತು ಕೈಮುಗಿದಳು.

ಆಮೇಲೆ ಸಲೀಸಾಯಿತು. ಹದಿನೇಳು ಬಂದ ಕೂಡಲೇ ಲಿಖಿತ್ "ನೀವು ಹೊರಗೆ ನೀರು ಕುಡಿದು ಬನ್ನಿ" ಅನ್ನುತ್ತಿದ್ದ. ಎರಡೂವರೆ ವರ್ಷದಲ್ಲಿ ನಲವತ್ತು ತಾಯಂದಿರು ನೀರು ಕುಡಿದು ಬಂದರು. ಧನ್ವಿತಾಳದೂ ಸೇರಿ, ಮುಚ್ಚಿದ ಕೋಣೆಯಲ್ಲಿ ಒಬ್ಬನೇ ಆ ಮಾತನ್ನು ನಲವತ್ತೊಂದು ಸಲ ಅಂದ. 'ಬಿಡ್ತು ಅನ್ನು' ಎನ್ನಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಪತ್ರ ಕರಡಿನಲ್ಲೇ ಉಳಿಯಿತು. ಇನ್ನು ಕಳಿಸುವ ಅಗತ್ಯವೇನಿತ್ತು?

*

ಮನೆಯಲ್ಲಿ ಅವನ ಹೆಂಡತಿ ಸಿಂಚನಾಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಸ್ಕೂಲಿನಲ್ಲಿ ಗಣಿತ ಹೇಳುವವಳು. ಮನೆಯಲ್ಲೂ ಉತ್ತರದ ಜೊತೆ ವಿಧಾನ ಕೇಳುವವಳು. ತರಕಾರಿ ತರಲು ಮರೆತರೆ ಲಿಖಿತ್ ಸಿಟಿ ಬಸ್ ಕಂಡಕ್ಟರ್ ದನಿಯಲ್ಲಿ "ಕೋಸ್ ಇಲ್ಲ, ಕ್ಯಾರೆಟ್ ಇಲ್ಲ, ಹಿಂದ್ಗಡೆ ಬಸ್ಸಲ್ಲಿ ಬರ್ತೈತೆ, ರೈಟ್ ರೈಟ್" ಅನ್ನುತ್ತಿದ್ದ. ಅವಳು ನಗುತ್ತಿದ್ದಳು, ಆಮೇಲೆ ನಗು ನಿಲ್ಲಿಸಿ ನೋಡುತ್ತಿದ್ದಳು.

"ನಮ್ ಮದುವೆ ವಿಷಯಾನೂ ನೀನು ನಮ್ ಪ್ರಿನ್ಸಿಪಾಲ್ ದನಿಲಿ ಕೇಳ್ದೆ," ಅಂದಳು ಒಮ್ಮೆ. "ನಾನು ಯಾರಿಗೆ ಹೂಂ ಅಂದೆ ಅಂತ ಇವತ್ತಿಗೂ ಅನುಮಾನ."

"ಪ್ರಿನ್ಸಿಪಾಲಿಗೆ ಆಗ್ಲೇ ಮದುವೆ ಆಗಿತ್ತಲ್ಲ."

"ತಮಾಷೆ ಅಲ್ಲ ಕಣೋ. ತಪ್ಪಾಯ್ತು ಅನ್ನೋದಾದ್ರೂ ನಿನ್ನ ದನಿಲಿ ಅನ್ನು. ಹೆಂಗಿದೆ ಅಂತ ಕೇಳ್ಬೇಕು ನಂಗೆ."

ಅವನು ಗಂಟಲು ಸರಿಮಾಡಿಕೊಂಡ. ಬಂದದ್ದು ಅವರ ಮನೆ ಓನರ್ ದನಿ. ಅವಳು ಎದ್ದು ಹೋದಳು.

*

ಧನ್ವಿತಾಳ ಮಗಳು ಇಂಚರಳಿಗೆ ಒಂದೂವರೆ ವರ್ಷವಾದಾಗ ಕೇಂದ್ರಕ್ಕೆ ಕಣ್ಣಿನ ಪರೀಕ್ಷೆಯ ವರದಿ ಬಂತು. ರಕ್ತ ಶುದ್ಧವಾಗಿತ್ತು, ತನುವಿಗಿದ್ದ ಕಾಯಿಲೆಯ ಸುಳಿವೂ ಇರಲಿಲ್ಲ. ಆದರೆ ಕತ್ತರಿ ಪಕ್ಕದ ರಸ್ತೆಯ ಇನ್ನೊಂದು ಮನೆಗೂ ಹೋಗಿ ಬಂದಿತ್ತು. ಅದು ಕಣ್ಣಿನ ಪರದೆಯನ್ನು ಕಾಯುವ ಜೀನ್. ಮಗುವಿಗೆ ಕಿಟಕಿ ಎಲ್ಲಿದೆಯೆಂದು ಗೊತ್ತಾಗುತ್ತಿತ್ತು, ಅಷ್ಟೇ. ಆರು ತಿಂಗಳಲ್ಲಿ ಅದೂ ಹೋಗಲಿತ್ತು.

ನಿಯಮದ ಪ್ರಕಾರ ಪರಿಷತ್ತಿನವರು ತಾಯಿಗೆ ಅವಳ ಸಮ್ಮತಿಯ ಧ್ವನಿಮುದ್ರಣ ಕೇಳಿಸಿದರು. ತಿಳಿದೂ ಒಪ್ಪಿದ್ದಳೆಂದಾದರೆ ಅದು ದುರದೃಷ್ಟ, ಯಾರ ತಪ್ಪೂ ಅಲ್ಲ, ಕಡತ ಮುಚ್ಚುತ್ತದೆ. ತಿಳಿಸದೆ ಮಾಡಿದ್ದೆಂದಾದರೆ ಮಗುವಿನ ಜೀವಮಾನದ ಆರೈಕೆ, ಹೊಸ ಚಿಕಿತ್ಸೆಗಳಲ್ಲಿ ಮೊದಲ ಸರದಿ, ಎಲ್ಲ ಪರಿಷತ್ತಿನ ಹೊಣೆ.

"ನಮ್ಮ ಪುಣ್ಯ, ಹದಿನೇಳನೇದು ಸ್ಪಷ್ಟವಾಗಿದೆ," ಅಂದರು ವಿನುತಾ. ಅವನ ಮುಖ ನೋಡದೆ ಅಂದರು. "ಒಂದು ವಿಚಾರಣೆ ಮಾಡಿ ಮುಗಿಸ್ತಾರೆ. ನೋಟೀಸು ನೀನೇ ತಗೊಂಡು ಹೋಗಿ ಓದಿ ಹೇಳ್ಬೇಕು. ವಿಚಾರಣೆಗೆ ದುಭಾಷಿನೂ ನೀನೇ. ತಾಯಿಗೆ ಗೊತ್ತಿರೋ ದನಿ ಇದ್ದರೆ ಧೈರ್ಯ ಅಂತ ನಿಯಮ ಇದೆ."

ಲಿಖಿತ್ ಗುಬ್ಬಿಗೆ ಹೋದ. ಬಾಗಿಲು ತೆಗೆದವರು ಧನ್ವಿತಾಳ ಅತ್ತೆ ರೂಪಮ್ಮ.

"ಬನ್ನಿ, ಕೂತ್ಕಳಿ. ಅವ್ಳು ಮಾತಾಡಲ್ಲ, ನಂಗೇ ಓದಿ ಹೇಳಿ."

"ಮಾತಾಡಲ್ಲ ಅಂದ್ರೆ?"

"ಆ ಟೇಪ್ ಕೇಳ್ಸಿದ್ರಲ್ಲ, ಅವತ್ತಿಂದ. ಮೊದ್ಲು ನಾನಂದಿಲ್ಲ, ನಾನಂದಿಲ್ಲ ಅಂತ ಹಟ ಮಾಡಿದ್ಲು. ಆಮೇಲೆ ಇನ್ನೆರಡು ಸಲ ಕೇಳ್ಸಿದ್ರು. ಅವ್ಳದೇ ದನಿ, ಮೂಗು ಸೊರ್ ಅನ್ಸಾದೂ ಅವ್ಳದೇ. ನನ್ ಮಗ ಯಶಸ್ ಕೂಡ ಹೂಂ ಅಮ್ಮ ಇವ್ಳೇ ಅಂದ." ರೂಪಮ್ಮ ದನಿ ತಗ್ಗಿಸಲಿಲ್ಲ. "ಯಾವ ತಾಯಿ ಅಂತಾಳೆ ಹೇಳಿ ಅಂಥ ಮಾತ? ಕುರುಡಾಗ್ಬೋದು ಅಂದ್ಲು, ಆಯ್ತು. ಮೂರು ಹೇಳವ್ಳೆ. ಇನ್ನೆರಡು ಬಾಕಿ ಅಂತ ನಾವೆಲ್ಲ ಜೀವ ಕೈಲಿಡ್ಕೊಂಡು ಕೂತಿದೀವಿ. ಕರಿನಾಲಿಗೆ."

ಧನ್ವಿತಾ ಒಳಗಿಂದ ಬಂದಳು. ಬಲಗೈ ಮಣಿಕಟ್ಟಿಗೆ ಒಂದು ಗೆಜ್ಜೆ ಕಟ್ಟಿಕೊಂಡಿದ್ದಳು. ಅವಳು ಕೈಯಾಡಿಸಿದ ಕಡೆಗೆ ಮಗು ತಿರುಗುತ್ತಿತ್ತು. ಗೆಜ್ಜೆ ನಿಂತರೆ ಮಗು ನಿಂತು, ಎರಡೂ ಕೈ ಮುಂದೆ ಚಾಚಿ, "ಅಮ್ಮ? ಅಮ್ಮ?" ಎಂದು ಗಾಳಿಯನ್ನು ಕೇಳುತ್ತಿತ್ತು. ಅಮ್ಮ ಉತ್ತರ ಕೊಡುವ ಬದಲು ಗೆಜ್ಜೆ ಅಲ್ಲಾಡಿಸುತ್ತಿದ್ದಳು.

ಲಿಖಿತ್ ನೋಟೀಸು ಓದಿದ. ಯಾವ ಊರಿನ ಧಾಟಿಯೂ ಬರಲಿಲ್ಲ.

ಅವನು ಹೊರಟಾಗ ಧನ್ವಿತಾ ಗೇಟಿನವರೆಗೆ ಬಂದಳು. ಮಗು ಕೇಳಿಸಿಕೊಳ್ಳದಷ್ಟು ದೂರ ಬಂದ ಮೇಲೆ, ಸೆರಗು ಬಾಯಿಗೆ ಅಡ್ಡ ಹಿಡಿದು ಅಂದಳು: "ಅಣ್ಣ, ನೀವಲ್ಲೇ ಇದ್ರಲ್ಲ. ಹೇಳಲ್ಲ ಅಂತ ಹೊರಗ್ ಹೋಗಿದ್ದೇ ನೆನಪು, ಟೇಪಲ್ಲಿ ನೋಡಿದ್ರೆ ನನ್ ದನೀನೇ. ನಾನ್ ಯಾವಾಗ ಅಂದೆ ಅದ? ಒಂಚೂರೂ ನೆನಪಿಲ್ಲ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡ್ಕೊತೀನಿ, ಎಲ್ಲೂ ಮಚ್ಚೆ ಕಾಣಲ್ಲ. ಆದ್ರೂ ಭಯ. ಮಗೀನ ಹೆಸ್ರು ಹಿಡಿದು ಕೂಗಕ್ಕೂ ಭಯ."

ಹೇಳಬೇಕಾದ ಮಾತು ಅವನ ನಾಲಿಗೆಯ ಮೇಲೇ ಇತ್ತು. "ನೆನಪಿರಲ್ಲಮ್ಮ ಒಂದೊಂದ್ಸಲ," ಅಂದುಬಿಟ್ಟ. ಅದು ವಿನುತಾ ಮೇಡಂ ದನಿಯಲ್ಲಿ ಬಂತು. ಬಸ್ಸಿನಲ್ಲಿ ಕೂತ ಮೇಲೆ ಅದನ್ನು ನೆನೆದು ಅವನಿಗೆ ತನ್ನ ಗಂಟಲನ್ನೇ ಹಿಸುಕಬೇಕೆನ್ನಿಸಿತು.

*

ಸಂಜೆ ಸಿಂಚನಾ ಅವರೆಕಾಳು ಹಿಸುಕುತ್ತ ಕೂತಿದ್ದಳು. ಅವನು ಎದುರಿಗೆ ಕೂತು ಎಲ್ಲವನ್ನೂ ಹೇಳಿದ. ಮೊದಲು ವಕೀಲನ ದನಿಯಲ್ಲಿ, ಸ್ವಲ್ಪ ಹೊತ್ತು ಕಿವಿಯ ದನಿಯಲ್ಲಿ, ಆಮೇಲೆ ಯಾವ ಯಾವುದೋ ದನಿಯಲ್ಲಿ. ಅವಳ ಕೈ ನಿಂತಿತ್ತು.

"ಅವ್ಳಿಗೆ ಎಲ್ಲಾ ಅರ್ಥ ಆಗಿತ್ತು ಸಿಂಚು. ನಾನು ಮೋಸ ಮಾಡ್ಲಿಲ್ಲ. ಅವ್ಳಿಗೆ ಹೇಳಕ್ಕಾಗದೇ ಇರೋದನ್ನ ನಾನು ಹೇಳ್ದೆ. ಒಳ್ಳೇದಕ್ಕೇ."

"ಹೂಂ."

"ಹೂಂ ಅಂದ್ರೆ?"

"ಒಳ್ಳೇದಕ್ಕೆ ಮಾಡಿದ್ರೆ ಅವತ್ತೇ ಬಂದು ನಂಗೆ ಹೇಳ್ತಿದ್ದೆ. ಸಣ್ಣಪುಟ್ಟದ್ದಕ್ಕೆಲ್ಲ ಕುಣ್ಕೊಂಡ್ ಬಂದು ಆಕ್ಟ್ ಮಾಡಿ ತೋರಿಸ್ತೀಯ. ನಲವತ್ತೊಂದು ಸಲ ಮಾಡಿ ಒಂದ್ಸಲಾನೂ ತೋರಿಸ್ಲಿಲ್ಲ." ಅವಳು ಮತ್ತೆ ಕಾಳು ಹಿಸುಕತೊಡಗಿದಳು. "ನಿಂಗೆ ಗೊತ್ತಿತ್ತು."

*

ವಿಚಾರಣೆಯ ದಿನ ಬೆಳಿಗ್ಗೆ ಅವನು ವಿನುತಾ ಅವರ ಕೋಣೆಗೆ ಹೋಗಿ "ಮೇಡಂ, ಆ ಹದಿನೇಳನೇದು" ಎಂದು ಶುರು ಮಾಡಿದ. ಅವರು ಕೈಯೆತ್ತಿ ತಡೆದರು.

"ನಾನು ಕೇಳಿಲ್ಲ, ನೀನು ಹೇಳಿಲ್ಲ. ಹೊರಗೆ ನೋಡು. ಹತ್ತೊಂಬತ್ತು ಜೋಡಿ ಸರದಿಲಿದಾರೆ. ಒಂದು ಸುಳ್ಳು ಅಂತ ಗೊತ್ತಾದ್ರೆ ನಲವತ್ತೊಂದೂ ಬಿದ್ದುಹೋಗುತ್ತೆ, ಕೇಂದ್ರಕ್ಕೆ ಬೀಗ. ಆ ಹತ್ತೊಂಬತ್ತು ಮಕ್ಕಳು ತನು ಥರಾನೇ ಹುಟ್ತವೆ. ಅದಕ್ಕೆ ಯಾರು ಜವಾಬ್ದಾರಿ?"

ಅವನು ಬಾಗಿಲು ತೆಗೆದು ಹೊರಗೆ ಬಂದ. ಬೆಂಚುಗಳ ಮೇಲೆ ಕೂತವರೆಲ್ಲ 'ಫಾರಂ ಅಣ್ಣ' ಎಂದು ಗುರುತಿಸಿ ಅವನಿಗೆ ನಗುಮುಖ ತೋರಿದರು. ವಿಚಾರಣೆ ನಡೆಯುವ ಕೊಠಡಿಯವರೆಗಿನ ಇಪ್ಪತ್ತು ಹೆಜ್ಜೆಯನ್ನು ಅವನು ನೆಲ ನೋಡಿಕೊಂಡೇ ನಡೆದ.

ಕೊಠಡಿಯ ಗೋಡೆಯಷ್ಟಗಲದ ಪರದೆಯಲ್ಲಿ ಪರಿಷತ್ತಿನ ಮೂವರು ಕೂತಿದ್ದರು. ನಡುವಿನವರು ಅಧ್ಯಕ್ಷೆ ಮುಥೋನಿ. ನೆರೆತ ತುಂಡುಗೂದಲಿನ, ದಪ್ಪ ಕನ್ನಡಕದ ಹೆಂಗಸು. ಮೇಜಿನ ಮೇಲೆ ಕಿವಿ. ವಿಚಾರಣೆಯಲ್ಲಿ ಮಾತಾಡಿದವರೆಲ್ಲರ ಹೆಸರನ್ನೂ ಅದು ದಾಖಲಿಸಬೇಕು. ಎರಡೂ ಭಾಷೆಗೆ ಹೇಳುವ ದುಭಾಷಿಯ ದನಿಯನ್ನು ಬಿಟ್ಟು. ಧನ್ವಿತಾ ಇಂಚರಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅತ್ತೆ ಹಿಂದಿನ ಕುರ್ಚಿಯಲ್ಲಿದ್ದರು. ವಿನುತಾ ಗೋಡೆಗೊರಗಿ ನಿಂತಿದ್ದರು.

ಧ್ವನಿಮುದ್ರಣ ಮತ್ತೊಮ್ಮೆ ಕೇಳಿಸಿದರು. ಮೂಗು ಸೊರ್ ಅಂದಿತು. 'ನನ್ ಮಗು ಕುರುಡಾಗ್ಬೋದು' ಎಂದು ಶುರುವಾಗುತ್ತಿದ್ದಂತೆ ಮಗು ಅಮ್ಮನ ಮುಖ ಮುಟ್ಟಿ ನೋಡಿತು. ಬಾಯಿ ಮುಚ್ಚಿಯೇ ಇತ್ತು. ಇನ್ನೊಮ್ಮೆ ಮುಟ್ಟಿ ನೋಡಿತು.

"ಇದನ್ನು ನೀವು ಹೇಳಿದ್ದು ಹೌದೇ ಎಂದು ಕೇಳಿ," ಅಂದರು ಮುಥೋನಿ ಇಂಗ್ಲಿಷಿನಲ್ಲಿ. ಲಿಖಿತ್ ಕೇಳಿದ.

ಧನ್ವಿತಾ ಗೆಜ್ಜೆಯನ್ನು ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ಅಂದಳು: "ಹೂಂ. ನಾನೇ ಅಂದಿರ್ಬೇಕು. ನಾನ್ ಅಂದಿದ್ದಕ್ಕೇ ಹಿಂಗಾಯ್ತು. ಯಾರದೂ ತಪ್ಪಿಲ್ಲ ಅಂತ ಬರ್ಕೊಳ್ಳಿ. ತಪ್ಪು ನನ್ ನಾಲಿಗೇದು."

"ಧನ್ವಿತಾ. ಹೋಲಿಕೆ ತೊಂಬತ್ತೇಳು," ಅಂದಿತು ಕಿವಿ.

ಪರದೆಯ ಮೇಲಿನ ಮೂವರೂ ಲಿಖಿತ್‌ನನ್ನು ನೋಡಿದರು. ನಾಲ್ಕು ಸಣ್ಣ ವಾಕ್ಯ. ಇಂಗ್ಲಿಷಿಗೆ ಹಾಕಿದರೆ ಕಡತ ಮುಚ್ಚುತ್ತದೆ. ಹೊರಗಿನ ಹತ್ತೊಂಬತ್ತು ಜೋಡಿಗಳು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಗುಬ್ಬಿಯ ಮನೆಯೊಂದರಲ್ಲಿ ಮಗುವೊಂದು ಕತ್ತಲಲ್ಲಿ ಗೆಜ್ಜೆಯನ್ನು ಅಮ್ಮ ಎಂದುಕೊಂಡು ಬೆಳೆಯುತ್ತದೆ. ಬಾಯಿ ತೆರೆಯುವಷ್ಟೇ ಕೆಲಸ, ಅದೂ ಅವನಿಗೆ.

ಅವನು ಮೈಕನ್ನು ಹತ್ತಿರಕ್ಕೆಳೆದುಕೊಂಡ. ಮೂಗು ಒಮ್ಮೆ ಸೊರ್ ಅನ್ನಿಸಿದ.

"ನನ್ ಮಗು ಕುರುಡಾಗ್ಬೋದು, ಕಿವುಡಾಗ್ಬೋದು, ಸತ್ತೋಗ್ಲೂಬೋದು. ನನ್ ಮೊಮ್ಮಕ್ಳಿಗೂ ಹಂಗಾಗ್ಬೋದು. ನಂಗೊತ್ತು."

"ಧನ್ವಿತಾ," ಅಂದಿತು ಕಿವಿ. "ಹೋಲಿಕೆ ತೊಂಬತ್ತಮೂರು."

ಅಷ್ಟರಲ್ಲಿ ಇಂಚರ ಅಮ್ಮನ ತೊಡೆಯಿಂದ ಜಾರಿ ಇಳಿದಿತ್ತು. ಎರಡೂ ಕೈ ಮುಂದೆ ಚಾಚಿ, ಅಮ್ಮನಿಗೆ ಬೆನ್ನು ಮಾಡಿ, ಅದು ಲಿಖಿತ್‌ನ ಕಡೆಗೆ ನಡೆದು ಬರುತ್ತಿತ್ತು. ಮುಖದ ತುಂಬ ನಗು. ತಿಂಗಳುಗಟ್ಟಲೆ ಸೆರಗಿನ ಮರೆಯಿಲ್ಲದೆ ಕೇಳದಿದ್ದ ದನಿ ಅದಕ್ಕೆ ಎದುರಿನಿಂದ ಕೇಳಿಸಿತ್ತು. ಬಂದು ಅವನ ಪ್ಯಾಂಟನ್ನು ಹಿಡಿದುಕೊಂಡಿತು. ಮೊಣಕಾಲು ತಡವಿತು. ಬಟ್ಟೆ ಬೇರೆ, ವಾಸನೆ ಬೇರೆ. ನಗು ಮೆಲ್ಲಗೆ ಇಳಿಯಿತು. "ಅಮ್ಮ?" ಅಂದಿತು.

ಅವನು ಯಾವ ದನಿಯಲ್ಲಿ ಉತ್ತರ ಕೊಡುವುದು?

ಗೋಡೆಯ ಬದಿ ವಿನುತಾ ಕೂತುಬಿಟ್ಟಿದ್ದರು. ಲಿಖಿತ್ ಪರದೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಧನ್ವಿತಾಳ ಕಡೆ ತಿರುಗಿ ಕನ್ನಡದಲ್ಲಿ, ಒಂದೊಂದೇ ವಾಕ್ಯವಾಗಿ ಹೇಳಿದ. ನಲವತ್ತೊಂದು ಎಂಬ ಸಂಖ್ಯೆಯನ್ನೂ ಹೇಳಿದ. ನೀರು ಕುಡಿದು ಬರಲು ಕಳಿಸಿದ್ದನ್ನೂ ಹೇಳಿದ. ಎರಡು ಭಾಷೆಯಲ್ಲೂ ಅದು ಒಂದೇ ಸಮ ಕೆಟ್ಟದಾಗಿ ಕೇಳಿಸಿತು.

ಮುಥೋನಿ ಕನ್ನಡಕ ತೆಗೆದರು. "ನಮ್ಮಜ್ಜಿಯೂ ಈ ವಾಕ್ಯ ಹೇಳುತ್ತಿರಲಿಲ್ಲ," ಅಂದರು. "ನಿಯಮ ಬರೆಯುವಾಗ ನನಗೆ ಅದು ಹೊಳೆಯಲಿಲ್ಲ. ಯಾರಾದರೂ ಒಬ್ಬರು ಒಂದು ಪತ್ರ ಬರೆದಿದ್ದರೆ ಸಾಕಿತ್ತು. ನೀವು ಯಾಕೆ ಬರೆಯಲಿಲ್ಲ?"

"ಬರೆದಿದ್ದೆ," ಅಂದ ಲಿಖಿತ್. "ಕಳಿಸಲಿಲ್ಲ."

"ಯಾಕೆ?"

ಅವನು ಉತ್ತರ ಹುಡುಕಿದ. ಕರುಣೆ ಎಂಬ ಪದ ಕೈಗೆ ಸಿಕ್ಕಿತು. ಹಿಡಿದು ನೋಡಿ ಬಿಟ್ಟ. "ನನಗೆ ಅದು ಚೆನ್ನಾಗಿ ಬರುತ್ತಿತ್ತು," ಅಂದ.

ಮುಥೋನಿ ಅಕ್ಕಪಕ್ಕದವರೊಡನೆ ಮಾತಾಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಲಿಖಿತ್ ಅದನ್ನೂ ಕನ್ನಡಕ್ಕೆ ಹೇಳಬೇಕಾಯಿತು, ಬೇರೆ ಯಾರೂ ಇರಲಿಲ್ಲ. ಕೇಂದ್ರ ಇವತ್ತಿನಿಂದ ಮುಚ್ಚಿದೆ. ಇಂಚರಳ ಆರೈಕೆ ಪರಿಷತ್ತಿನದು. ನಲವತ್ತೊಂದು ತಾಯಂದಿರನ್ನೂ ಕರೆದು ಅವರ ನಿಜವಾದ ಮಾತನ್ನು ಕೇಳಲಾಗುವುದು. ಕಾಯುತ್ತಿರುವ ಹತ್ತೊಂಬತ್ತು ಜೋಡಿಗಳಿಗೆ ಬೇರೆ ಕಡೆ ಜಾಗ ಹುಡುಕಲು ಪ್ರಯತ್ನಿಸಲಾಗುವುದು. ಎಲ್ಲರಿಗೂ ಸಿಗುತ್ತದೆಂದು ಮಾತು ಕೊಡಲಾಗದು. ವಾಚಕನ ಮೇಲೆ ಮೊಕದ್ದಮೆ. ತನ್ನ ಶಿಕ್ಷೆಯನ್ನು ತಾನೇ ಅನುವಾದಿಸಿದ ಮೇಲೆ ಲಿಖಿತ್ ಮೈಕನ್ನು ಕೆಳಗಿಟ್ಟ.

ಧನ್ವಿತಾ ಎದ್ದು ಬಂದು ಮಗುವನ್ನು ಅವನ ಕಾಲಿನಿಂದ ಬಿಡಿಸಿ ಎತ್ತಿಕೊಂಡಳು. ಅವನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ನಾನಂದಿಲ್ಲ," ಅಂದಳು. ಯಾರಿಗೂ ಅಲ್ಲ, ತನಗೇ. ಆಮೇಲೆ ಅತ್ತೆಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿಯದೆ, "ಕೇಳಿಸ್ತಾ ಅತ್ತೆ, ನಾನಂದಿಲ್ಲ," ಅಂದಳು. ರೂಪಮ್ಮ ಕೈಯಲ್ಲಿದ್ದ ಕರ್ಚೀಫನ್ನು ಮಡಚಿದರು, ಬಿಚ್ಚಿದರು, ಮಡಚಿದರು.

"ತಪ್ಪಾಯ್ತಮ್ಮ," ಎಂದು ಲಿಖಿತ್ ದುಭಾಷಿಯ ದನಿಯಲ್ಲೇ ಶುರು ಮಾಡಿದ.

"ಅದು ಬೇಡ." ಅವಳ ವಾಕ್ಯದ ಕೊನೆ ಈ ಸಲ ಮೇಲಕ್ಕೆ ಏಳಲಿಲ್ಲ. "ಒಬ್ರೇ ಕೂತ್ಕಂಡು ಅಷ್ಟು ಮಕ್ಳಿಗೆ ಆ ಮಾತಂದ್ರಲ್ಲ, ಒಂದ್ಸಲಾನಾದ್ರೂ ಬಿಡ್ತು ಅಂದ್ರಾ?"

"ಇಲ್ಲ."

"ಎಷ್ಟು ಸಲ ಅಂದ್ರಿ?"

"ನಲವತ್ತೊಂದು. ಈಗಿಂದೂ ಸೇರಿದ್ರೆ ನಲವತ್ತೆರಡು."

"ಅಷ್ಟು ಸಲಾನೂ ಬಿಡ್ತು ಅನ್ನಿ. ನಾನು ಎಣಿಸ್ತೀನಿ."

ಪರದೆಯ ಮೇಲಿನ ಮೂವರೂ ಅರ್ಥವಾಗದೆ ಕಾಯುತ್ತಿದ್ದರು. ಯಾರೂ ಅದನ್ನು ಅನುವಾದಿಸಲಿಲ್ಲ. ಲಿಖಿತ್ ಬಾಯಿ ತೆರೆದ. ಗಂಟಲಲ್ಲಿ ಪ್ರಿನ್ಸಿಪಾಲರು ಬಂದು ನಿಂತರು, ಕಂಡಕ್ಟರ್ ಬಂದ, ವಿನುತಾ ಮೇಡಂ ಬಂದರು, ನಲವತ್ತೊಂದು ತಾಯಂದಿರು ಸಾಲಾಗಿ ಬಂದರು. ಎಲ್ಲರನ್ನೂ ಒಬ್ಬೊಬ್ಬರಾಗಿ ಕಳಿಸುವವರೆಗೆ ಕಾದ.

"ಬಿಡ್ತು," ಅಂದ. ಒಡೆದ, ಸ್ವಲ್ಪ ಒರಟಾದ, ಅಷ್ಟೇನೂ ಚೆನ್ನಾಗಿಲ್ಲದ ದನಿ.

ಮೇಜಿನ ಮೇಲೆ ಕಿವಿಯ ದೀಪ ಮಿನುಗಿತು. "ಹೊಸ ದನಿ. ದಾಖಲೆಯಲ್ಲಿ ಇಲ್ಲ. ದಯವಿಟ್ಟು ಹೆಸರು ಹೇಳಿ."

"ಲಿಖಿತ್," ಅಂದ ಅವನು, ಅದೇ ದನಿಯಲ್ಲಿ.

ಧನ್ವಿತಾ ಮಣಿಕಟ್ಟಿನ ಗೆಜ್ಜೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. ಅದು ಕಳಚಿ ಮೇಜಿನ ಮೇಲೆ ಬಿತ್ತು. ಮಗು ಆ ಸದ್ದಿನ ಕಡೆಗೆ ತಿರುಗಿತು.

"ಒಂದು," ಅಂದಳು ಧನ್ವಿತಾ.

ಮಗು ಮೇಜಿನಿಂದ ಮುಖ ಹೊರಳಿಸಿ, ಅಮ್ಮನ ಬಾಯಿಯ ಮೇಲೆ ಕೈ ಇಟ್ಟಿತು.